ಪಟ್ಟೆ ಬಟ್ಟೆಯ ಗಂಟು

ನೋಟೀಸು ಬಂದ ಬೆಳಿಗ್ಗೆ ರೆಕಾರ್ಡಮ್ಮ ಮುಂಬಾಗಿಲ ಕಲ್ಲುಮೆಟ್ಟಿಲನ್ನು ತಿಕ್ಕಿ ತೊಳೆಯುತ್ತಿದ್ದಳು. ಯಜಮಾನರು ತೀರಿಕೊಂಡು ಐದು ತಿಂಗಳಾಗಿತ್ತು. ಆ ಐದು ತಿಂಗಳಿಂದ ಮೆಟ್ಟಿಲ ಮೇಲೆ ಆಕೆ ಒಂದು ನರಪಿಳ್ಳೆಯನ್ನೂ ಕೂರಲು ಬಿಟ್ಟಿರಲಿಲ್ಲ. ಕೆಲಸದಲ್ಲಿದ್ದಾಗ ಸಂಜೆ ಬಂದು ಚಪ್ಪಲಿ ಬಿಡುತ್ತಾ ಅವರು ಕೂರುತ್ತಿದ್ದ ಜಾಗ ಅದು. ನಿವೃತ್ತಿಯಾದ ಮೇಲಂತೂ ದಿನವಿಡೀ ಅಲ್ಲೇ. ಅವರಿದ್ದಾಗ ತರಕಾರಿಯವಳು ಬುಟ್ಟಿ ಇಳಿಸಿ ಅಲ್ಲಿ ಕಾಲು ಚಾಚುತ್ತಿದ್ದಳು, ಅಂಚೆಯವನು ಅಲ್ಲಿ ಕೂತು ಕಾಗದ ವಿಂಗಡಿಸುತ್ತಿದ್ದ. ಈಕೆ ಗೊಣಗಿದರೆ ಅವರು, "ಕೂತ್ಕೊಳ್ಳಲಿ ಬಿಡೇ, ಮೆಟ್ಟಿಲು ನಮ್ಮದಲ್ಲ, ದಾರೀದು," ಎನ್ನುತ್ತಿದ್ದರು. ದೊಡ್ಡ ಮನಸ್ಸಿನ ಮಾತು ಎಂದುಕೊಂಡು ಈಕೆ ಸುಮ್ಮನಾಗುತ್ತಿದ್ದಳು. ಈಗ ಅವರಿಲ್ಲ. ತರಕಾರಿಯವಳು ನಿಂತೇ ತೂಗಬೇಕು, ಅಂಚೆಯವನು ನಿಂತೇ ಕೊಡಬೇಕು.

ಯಜಮಾನರು ಮೂವತ್ತನಾಲ್ಕು ವರ್ಷ ಪುರಸಭೆಯ ರೆಕಾರ್ಡ್ ರೂಮು ನೋಡಿಕೊಂಡವರು. ಬೀದಿಯವರ ಬಾಯಲ್ಲಿ ಅವರು ರೆಕಾರ್ಡಪ್ಪ ಆದರು, ಅವರ ಕೈಹಿಡಿದ ತಪ್ಪಿಗೆ ಈಕೆ ರೆಕಾರ್ಡಮ್ಮ ಆದಳು.

ಪುರಸಭೆಯ ಜವಾನ ಕಾಗದ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು, ಮುಂದಿನ ಮನೆಗೆ ಹೋದ. ಬೀದಿಯ ಈ ಮಗ್ಗುಲಿನ ಹನ್ನೊಂದು ಮನೆಗೂ ಅದೇ ಕಾಗದ. ಸೊಸೆ ಹೊಲಿಗೆ ಯಂತ್ರದಿಂದ ಕಾಲು ತೆಗೆದು ಎದ್ದುಬಂದು ಓದಿದಳು. ರಸ್ತೆಯ ಅಗಲ ಮೂವತ್ತು ಅಡಿ; ನಿಮ್ಮ ಮನೆಯ ಮುಂಗೋಣೆಯು ರಸ್ತೆಯನ್ನು ನಾಲ್ಕು ಅಡಿ ಒತ್ತುವರಿ ಮಾಡಿದೆ; ಅರವತ್ತು ದಿನದೊಳಗೆ ನೀವೇ ತೆರವು ಮಾಡತಕ್ಕದ್ದು, ಇಲ್ಲವಾದರೆ ಪುರಸಭೆಯೇ ಕೆಡವುವುದು.

"ಅತ್ತೆ, ಮುಂಗೋಣೆ ಇರೋದೇ ಏಳಡಿ," ಎಂದಳು ಸೊಸೆ. "ನಾಲ್ಕಡಿ ಹೋದ್ರೆ ಕತ್ತರಿ ಮೇಜಿಗೂ ಜಾಗ ಇಲ್ಲ. ಯಂತ್ರ ಎಲ್ಲಿಡಲಿ, ತಲೆ ಮೇಲಾ?"

ಆ ಮುಂಗೋಣೆಯಲ್ಲಿ ಎರಡು ಯಂತ್ರ, ಒಂದು ಮೇಜು, ಗೋಡೆಯುದ್ದಕ್ಕೂ ಎರಡು ಶಾಲೆಗಳ ಸಮವಸ್ತ್ರ. ಹನ್ನೆರಡು ವರ್ಷದಿಂದ ಸೊಸೆ ಅಲ್ಲಿ ಕೂತು ಹೊಲಿದು ಮನೆಯ ಅರ್ಧ ಭಾರ ಹೊತ್ತಿದ್ದಳು. ಉಳಿದ ಅರ್ಧ ಮಗನ ಸಂಬಳ. ಆ ಮಗ ಕೆಲಸ ಮಾಡುತ್ತಿದ್ದುದು ಅದೇ ಪುರಸಭೆಯಲ್ಲಿ, ಜನನ ಮರಣ ವಿಭಾಗದ ಮೂರನೇ ಮೇಜಿನಲ್ಲಿ.

ರಾತ್ರಿಯವರೆಗೂ ಕಾಯದೆ, ಮಗ ಮನೆಗೆ ಬಂದು ಚಹಾದ ಲೋಟ ಹಿಡಿಯುವ ಹೊತ್ತಿಗೇ ಜಗಳ ಶುರುವಾಯಿತು.

"ನಿಮ್ಮ ಆಫೀಸಿನೋರು ನಿಮ್ಮ ಮನೇನೇ ಒಡೀತೀವಿ ಅಂತ ಬರೆದು ಕಳಿಸಿದ್ದಾರೆ. ನಿಮಗೆ ಗೊತ್ತಿರಲಿಲ್ವಾ?"

"ನಂದು ಹುಟ್ಟು ಸಾವು ಕಣೇ. ರಸ್ತೆ ವಿಷಯ ನನ್ನ ಮೇಜಿಗೆ ಬರಲ್ಲ."

"ನಾಳೆ ಈ ಮಿಷನ್ನಿಗೆ ಸಾವು ಬರುತ್ತೆ. ಆಗ ಬರ್ಕೊಳ್ಳಿ."

ಮಗ ಲೋಟ ಕೆಳಗಿಟ್ಟ. "ನಾಳೆ ಎಂಜಿನಿಯರ್ ಸಾಹೇಬರನ್ನ ಕಂಡು, ಕೈಮುಗಿದು ಕೇಳ್ಕೊಳ್ತೀನಿ."

"ಕೈ ಯಾಕಪ್ಪ ಮುಗೀಬೇಕು?" ಕಾಲೇಜಿನಿಂದ ಆಗ ತಾನೆ ಬಂದಿದ್ದ ಮೊಮ್ಮಗಳು ಚೀಲ ಇಳಿಸುತ್ತಾ ಕೇಳಿದಳು. ಅವಳ ನಾಲಿಗೆ ಅವಳ ತಾಯಿಯ ಕತ್ತರಿಯಷ್ಟೇ ಹರಿತ. "ಮೂವತ್ತಡಿ ಅಂತ ಎಲ್ಲಿ ಬರೆದಿದೆ, ತೋರಿಸಿ ಅನ್ನೋಣ. ರಸ್ತೆ ಹಾಕಿದಾಗ ಅಳತೆ ಪುಸ್ತಕ ಬರೆದಿರ್ತಾರಲ್ಲ, ಅದರ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ಮೂವತ್ತು ದಿನದಲ್ಲಿ ಕೊಡಲೇಬೇಕು."

"ನನ್ನ ಹೆಂಡತಿ ನನ್ನ ಆಫೀಸಿಗೇ ಅರ್ಜಿ ಹಾಕಿದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?"

"ಈಗಿರೋ ಜಾಗದಲ್ಲೇ ಇಟ್ಕೊಳ್ಳಿ," ಎಂದಳು ಸೊಸೆ. "ಚೆನ್ನಾಗೇ ಇದೆ."

ರೆಕಾರ್ಡಮ್ಮ ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಮಗ ಆಕೆಯ ಕಡೆ ತಿರುಗಿ, "ನೀನಾದ್ರೂ ಹೇಳಮ್ಮ," ಎಂದ.

"ನಿಮ್ಮಪ್ಪ ಏನನ್ನೋರು ಗೊತ್ತಾ? ಕಾಗದ ಇರೋದೇ ಕೇಳಿದೋರಿಗೆ ತೋರಿಸೋಕೆ ಅನ್ನೋರು. ಕಾನೂನು ಬರೋಕ್ಕೆ ಮೊದಲೂ ಅವರು ತೋರಿಸ್ತಿದ್ರು. ಹಾಕಲಿ ಬಿಡು, ಅವಳು ಕೇಳ್ತಿರೋದು ಕಾಗದ, ನಿನ್ನ ಕುರ್ಚಿ ಅಲ್ಲವಲ್ಲ."

ನಾಲ್ಕನೇ ದಿನ ಅರ್ಜಿ ಹೋಯಿತು. ಮೊಮ್ಮಗಳು ಬರೆದಳು, ಸೊಸೆ ಸಹಿ ಹಾಕಿದಳು. ಆ ಮೇಲೆ ಕಾಯುವ ಕೆಲಸ. ಸೊಸೆ ಎಂದಿನಂತೆ ಸಮವಸ್ತ್ರ ಹೊಲಿದಳು, ಬಟ್ಟೆ ಕೊಡಲು ಬಂದವರು "ಇಲ್ಲೇ ಇರ್ತೀರಲ್ಲಮ್ಮ?" ಎಂದು ಕೇಳಿದರೆ "ಎಲ್ಲಿಗ್ರೀ ಹೋಗ್ಲಿ?" ಎಂದಳು. ಪಕ್ಕದ ಮನೆಯ ಬೀಡಾ ಅಂಗಡಿಯವನು ಮಾತ್ರ ಗೋಡೆಯ ಇಟ್ಟಿಗೆ ಮಾರಿದರೆ ಎಷ್ಟು ಬರಬಹುದು ಎಂದು ಈಗಲೇ ವಿಚಾರಿಸುತ್ತಿದ್ದ. ರೆಕಾರ್ಡಮ್ಮ ಬೆಳಿಗ್ಗೆ ದೇವರ ಮುಂದೆ ಕೂತಾಗ ಹೆಚ್ಚು ಮಾತು ಬೆಳೆಸುತ್ತಿರಲಿಲ್ಲ. "ಅವರನ್ನ ನಿನ್ನ ಹತ್ತಿರ ಇಟ್ಕೊಂಡಿದ್ದೀಯ. ಅದು ಸರಿ, ನಿನ್ನ ಇಚ್ಛೆ. ಈ ಕೋಣೆ ಮಾತ್ರ ನಮಗೆ ಬಿಡಪ್ಪ," ಎಂದಷ್ಟೇ ಹೇಳಿ ಏಳುತ್ತಿದ್ದಳು. ಎದ್ದು ನೇರ ಮೆಟ್ಟಿಲು ತೊಳೆಯಲು ಹೋಗುತ್ತಿದ್ದಳು.

ಅರ್ಜಿ ಹೋದ ಇಪ್ಪತ್ತೆಂಟನೇ ದಿನ ಉತ್ತರ ಬಂತು. ಒಂದೇ ಸಾಲು. ತಾವು ಕೋರಿರುವ ರಸ್ತೆ ಅಳತೆ ಪುಸ್ತಕವು ಈ ಕಚೇರಿಯ ದಫ್ತರದಲ್ಲಿ ಲಭ್ಯವಿರುವುದಿಲ್ಲ.

ಮೊಮ್ಮಗಳು ಕಾಗದವನ್ನು ಬೆಳಕಿಗೆ ಹಿಡಿದಳು. ಕೆಳಗೆ ಎಡಮೂಲೆಯಲ್ಲಿ, ಟೈಪು ಮಾಡಿದವರು ಹಾಕುವ ಪುಟ್ಟ ಸಹಿ ಇತ್ತು.

"ಅಮ್ಮಾ, ಇದು ಅಪ್ಪನ ಸಹಿ."

"ಏನಂದೆ?"

"ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಹನ್ನೆರಡು ವರ್ಷ ನೋಡಿದ್ದೀನಿ. ಅಪ್ಪನದೇ."

ಸೊಸೆ ಕಾಗದ ಮಡಚಿ ಕತ್ತರಿ ಮೇಜಿನ ಮೇಲಿಟ್ಟಳು. ಅವಳು ಸಿಡಿಯದೆ ಇದ್ದದ್ದೇ ರೆಕಾರ್ಡಮ್ಮನಿಗೆ ಹೆದರಿಕೆ ತಂದಿತು. ಮಗ ಬಂದ, ಕೈಕಾಲು ತೊಳೆದ, ಉಂಡ, ಮಲಗಿದ; ಸೊಸೆಯ ಬಾಯಿಗೆ ಬೀಗ. ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಗಂಡನ ಕೈಗೆ ಊಟದ ಡಬ್ಬಿ ಕೊಟ್ಟಳು. ಮಧ್ಯಾಹ್ನ ಒಂದೂವರೆಗೆ ಮೂರನೇ ಮೇಜಿನ ಗುಮಾಸ್ತ ಡಬ್ಬಿಯ ಮುಚ್ಚಳ ತೆಗೆದರೆ, ಅನ್ನವೂ ಇಲ್ಲ, ಪಲ್ಯವೂ ಇಲ್ಲ. ತಳದಲ್ಲಿ ಒಂದು ಚೀಟಿ: ತಾವು ಕೋರಿರುವ ಊಟವು ಈ ಮನೆಯಲ್ಲಿ ಲಭ್ಯವಿರುವುದಿಲ್ಲ. ಕೆಳಗೆ ಎಡಮೂಲೆಯಲ್ಲಿ ಸೊಸೆಯ ಪುಟ್ಟ ಸಹಿ.

ಚೀಟಿಯನ್ನು ಪಕ್ಕದ ಮೇಜಿನವರು ಓದಿದರು, ಅದರ ಪಕ್ಕದವರು ಓದಿದರು. ಸಂಜೆ ಮಗ ಮುಖ ಗಂಟುಹಾಕಿಕೊಂಡು ಬಂದ.

"ಇಡೀ ಆಫೀಸು ನಕ್ಕಿತು!"

"ನಗಲಿ. ಈ ಬೀದಿ ಅಳ್ತಾ ಇದೆ."

"ಟೈಪಿಸ್ಟು ರಜ ಕಣೇ! ಮಾಹಿತಿ ಅಧಿಕಾರಿ ಮೇಡಂ ನನ್ನ ಕರೆದು ಟೈಪ್ ಮಾಡು ಅಂದ್ರು. ಇಲ್ಲ ಅನ್ನೋಕಾಗುತ್ತಾ?"

"ಕಾಗದ ಇಲ್ಲ ಅನ್ನೋಕಾಯ್ತಲ್ಲ?"

"ಇಲ್ಲದ್ದಕ್ಕೆ ಇಲ್ಲ ಅಂದಿದ್ದು! ಟೈಪ್ ಮಾಡೋಕೆ ಮೊದಲು ಎರಡು ದಿನ ನಾನೇ ಆ ರೂಮಿನಲ್ಲಿ ಧೂಳು ಕುಡಿದಿದ್ದೀನಿ. ನೀಲಿ ಗಂಟು ಒಂದೂ ಬಿಡದೆ ಬಿಚ್ಚಿದೆ. ಹಿಂದಿನ ವರ್ಷದ್ದಿದೆ, ಮುಂದಿನ ವರ್ಷದ್ದಿದೆ, ನಮ್ಮ ರಸ್ತೆ ಹಾಕಿದ ವರ್ಷದ್ದು ಮಾತ್ರ ಇಲ್ಲ. ಕಳೆದುಹೋಗಿದೆ."

ರೆಕಾರ್ಡಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ನೆಲಕ್ಕೆ ಬಡಿದಿಟ್ಟಳು.

"ಯಾವುದು ಕಳೆದುಹೋಗೋದು? ನಿಮ್ಮಪ್ಪನ ಕೈಲಿ ಒಂದು ಹಾಳೆ ಕಳೆದದ್ದಿಲ್ಲ."

"ಅಪ್ಪ ಕೆಲಸ ಬಿಟ್ಟು ಹನ್ನೊಂದು ವರ್ಷ ಆಯ್ತಮ್ಮ. ಆಮೇಲೆ ಎಷ್ಟು ಜನ ಬಂದ್ರು, ಹೋದ್ರು. ಸುಣ್ಣ ಹೊಡೆಸೋವಾಗ ಎಲ್ಲ ಹೊರಗೆ ಹಾಕಿದ್ರು, ಮತ್ತೆ ಒಳಗಿಟ್ರು."

"ಹೇಗಿಟ್ರು?"

"ಬಣ್ಣ ನೋಡಿ ಇಟ್ರು. ಇನ್ನು ಹೇಗಿಡ್ತಾರೆ? ಬಿಳಿ ಒಂದು ಕಡೆ, ಕೆಂಪು ಒಂದು ಕಡೆ."

ಆ ಬಣ್ಣಗಳ ಕಥೆ ಈ ಮನೆಯದೇ. ಕಡತಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿ ಇಡುವುದು ಪುರಸಭೆಯ ಪದ್ಧತಿ. ಆ ಬಟ್ಟೆಗೆ ಅಂಚು ಹೊಲಿದು, ಮೂಲೆಗೆ ಬಿಗಿಯಲು ಲಾಡಿಯಂಥ ನಾಡ ಹಾಕಿಕೊಡುತ್ತಿದ್ದವಳು ರೆಕಾರ್ಡಮ್ಮ. ಹುಟ್ಟು ಸಾವಿಗೆ ಬಿಳಿ, ತೆರಿಗೆಗೆ ಕೆಂಪು, ರಸ್ತೆಗೆ ನೀಲಿ, ತೋಟ ಕೆರೆಗಳಿಗೆ ಹಸಿರು. ಮುಂಗೋಣೆಯ ಹಳೆಯ ಯಂತ್ರ ಆಗ ಆಕೆಯದು. ಅವರು ದೂರದಿಂದಲೇ ಬಣ್ಣ ನೋಡಿ, "ಅದನ್ನ ತೆಗೀರಿ," ಎಂದು ಬೆರಳು ತೋರಿಸುತ್ತಿದ್ದರಂತೆ.

"ನೀಲಿಯಲ್ಲೇ ಇರಬೇಕು," ಎಂದಳು. ಆದರೆ ಹೇಳುವಾಗಲೇ ಎಲ್ಲೋ ಒಂದು ಕಡೆ ಮನಸ್ಸು ಮುಳ್ಳಿಗೆ ಸಿಕ್ಕ ಸೆರಗಿನಂತೆ ಹಿಂದಕ್ಕೆ ಜಗ್ಗಿತು. ಏನೆಂದು ಹೊಳೆಯಲಿಲ್ಲ.

ಗಂಡ ಹೆಂಡಿರಿಗೆ ಮೂರು ದಿನ ಮಾತಿರಲಿಲ್ಲ. ಏನಿದ್ದರೂ ಮೊಮ್ಮಗಳ ಮೂಲಕ. "ನಿಮ್ಮಪ್ಪನಿಗೆ ಹೇಳು, ನೀರು ಬಂದಿದೆ." "ನಿಮ್ಮಮ್ಮನಿಗೆ ಹೇಳು, ಕೇಳಿಸ್ತು." ಕೊನೆಗೆ ಮೊಮ್ಮಗಳು, "ಇಬ್ಬರೂ ಅರ್ಜಿ ಕೊಡಿ, ಮೂವತ್ತು ದಿನದಲ್ಲಿ ತಲುಪಿಸ್ತೀನಿ," ಎಂದು ಪುಸ್ತಕ ಹಿಡಿದು ಒಳಗೆ ಹೋದಳು.

ಭಾನುವಾರ ಸೊಸೆ ಮುಂಗೋಣೆ ಗುಡಿಸಿ, ಯಂತ್ರಕ್ಕೆ ಎಣ್ಣೆ ಬಿಡಲು ಕೂತಳು. ಹಳೆಯ ಯಂತ್ರದ ಹೊದಿಕೆಯನ್ನು ಬಾಗಿಲಾಚೆ ಕೊಡವಿದರೆ ಅದು ಪರ್ರೆಂದು ಹರಿಯಿತು.

"ಅತ್ತೆ, ಇದನ್ನ ಬಿಸಾಕಿಬಿಡಲಾ? ಎಣ್ಣೆ ಒರೆಸೋಕೂ ಬರಲ್ಲ."

ರೆಕಾರ್ಡಮ್ಮ ತಲೆಯೆತ್ತಿದಳು. ಸೊಸೆಯ ಕೈಯಲ್ಲಿ ಹಸಿರು ಬಟ್ಟೆ. ಬಿಸಿಲಿಗೆ ಹಿಡಿದಾಗ ಅದರಲ್ಲಿ ಬೆರಳಗಲದ ಬಿಳಿ ಪಟ್ಟೆಗಳು ಎದ್ದು ಕಂಡವು.

"ಕೊಡಿಲ್ಲಿ," ಎಂದು ಇಸಿದುಕೊಂಡಳು. ಎರಡೂ ಕೈಯಲ್ಲಿ ಹರಡಿ ಹಿಡಿದಳು. ಒಂದು ಮಗ್ಗುಲಿಗೆ ಅಂಚಿತ್ತು, ಇನ್ನೊಂದು ಮಗ್ಗುಲು ಕತ್ತರಿಸಿದ್ದು. "ಇದರ ಇನ್ನರ್ಧ ಎಲ್ಲಿ ಗೊತ್ತೇನೇ?"

"ನಂಗೇನು ಗೊತ್ತು? ನಾನು ಬರೋ ಹೊತ್ತಿಗೇ ಇದು ಅರ್ಧ ಇತ್ತು."

"ರೆಕಾರ್ಡ್ ರೂಮಿನಲ್ಲಿದೆ!"

ಅಂದು ಊಟಕ್ಕೆ ನಾಲ್ವರೂ ಒಟ್ಟಿಗೆ ಕೂತರು. ರೆಕಾರ್ಡಮ್ಮ ತುತ್ತು ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು. ಇಪ್ಪತ್ತೊಂಬತ್ತು ವರ್ಷದ ಹಿಂದೆ, ಬೀದಿಗೆ ರಸ್ತೆ ಹಾಕಿದ ವರ್ಷ, ಎಂಟು ತಿಂಗಳು ಕಚೇರಿಗೆ ನೀಲಿ ಬಟ್ಟೆ ಬರಲಿಲ್ಲ. ವರ್ಷದ ಕೊನೆಗೆ ದೊಡ್ಡ ಅಧಿಕಾರಿ ರೂಮು ನೋಡಲು ಬರುವವರಿದ್ದರು. ಗಂಟು ಕಟ್ಟದೆ ಕಾಗದ ಬಿದ್ದಿದ್ದರೆ ಯಜಮಾನರಿಗೆ ಊಟ ಇಳಿಯುತ್ತಿರಲಿಲ್ಲ. ಅವರ ಮುಖ ನೋಡಲಾರದೆ ಈಕೆ ಮಲಗುವ ಕೋಣೆಯ ಕಿಟಕಿಯ ಪರದೆಯನ್ನೇ ಇಳಿಸಿ, ಅರ್ಧ ಕತ್ತರಿಸಿ, ಅಂಚು ಹೊಲಿದು ಕೈಗೆ ಕೊಟ್ಟಿದ್ದಳು.

"ಮೂರು ತಿಂಗಳು ಕಿಟಕಿಗೆ ಪರದೆ ಇಲ್ಲ. ಎದುರುಮನೆಯವಳಿಗೆ ನನ್ನ ಮಂಚದ ಕೆಳಗಿನ ಡಬ್ಬಗಳ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿತ್ತು."

"ಹಸಿರು ತೋಟದ್ದಲ್ವಾ ಅಜ್ಜಿ? ತಾತ ಒಪ್ಪಿದ್ರಾ?"

"ನಾನೂ ಅದನ್ನೇ ಕೇಳಿದೆ. ಬರೀ ಹಸಿರು ತೋಟದ್ದು, ಪಟ್ಟೆ ಇದ್ರೆ ರಸ್ತೇದು, ನನಗೆ ಗೊತ್ತಿರುತ್ತಲ್ಲ ಅಂದ್ರು."

"ಪುಸ್ತಕದಲ್ಲಿ ಬರೆದಿಡಲಿಲ್ವಾ?" ಮಗ ಕೇಳಿದ.

"ಮನೆ ಪರದೇನ ಕಚೇರಿಗೆ ಕಟ್ಟಿದ್ದೀನಿ ಅಂತ ಬರೆಯೋಕೆ ನಾಚ್ಕೊಂಡ್ರು. ಎಲ್ಲಾನೂ ಬರೆದಿಡೋ ಮನುಷ್ಯ ಅದೊಂದನ್ನ ಬರೀಲಿಲ್ಲ."

ಮಗ ಕೈತೊಳೆಯಲು ಎದ್ದೇಬಿಟ್ಟ. "ನಾಳೆ ಹತ್ತು ಗಂಟೆಗೇ ಹೋಗಿ ತೆಗೀತೀನಿ." ಎರಡು ಹೆಜ್ಜೆ ಇಟ್ಟವನು ನಿಂತ. ಮತ್ತೆ ಬಂದು ಕೂತ. "ಇಲ್ಲ. ನಾನು ತೆಗೆದ್ರೆ ಕೆಲಸ ಕೆಡುತ್ತೆ. ಇಲ್ಲ ಅಂತ ನಾನೇ ಟೈಪ್ ಮಾಡಿದ್ದೀನಿ. ಈಗ ನಾನೇ ಸಿಕ್ಕಿತು ಅಂತ ತಂದ್ರೆ, ಮನೇಲಿ ಬರೆದು ತಂದಿಟ್ಟ ಅಂತಾರೆ. ಅಪ್ಪನ ಹೆಸರೂ ಹೋಗುತ್ತೆ, ಕೋಣೆಯೂ ಹೋಗುತ್ತೆ."

ಸೊಸೆ ಗಂಡನನ್ನು ನೋಡಿದಳು. ಆ ಮಾತಿನಲ್ಲಿ ಪುಕ್ಕಲುತನವಿಲ್ಲ, ತೂಕವಿದೆ ಎಂದು ಅವಳಿಗೂ ತಿಳಿಯಿತು. ಮೂರು ದಿನದ ಮೇಲೆ ಮೊದಲ ಬಾರಿಗೆ ನೇರವಾಗಿ ಕೇಳಿದಳು: "ಇನ್ನೊಂದು ಚೂರು ಅನ್ನ ಹಾಕಲಾ ರೀ?"

"ಲಭ್ಯವಿದ್ರೆ ಹಾಕು."

ಮೊಮ್ಮಗಳು ಕಾನೂನಿನ ಪುಸ್ತಕ ತಂದಿದ್ದಳು. "ಪ್ರತಿ ಕೇಳೋದು ಒಂದೇ ಅಲ್ಲ, ಕಡತಾನ ಅವರ ಎದುರಿಗೇ ಕೂತು ಕಣ್ಣಾರೆ ನೋಡ್ತೀವಿ ಅಂತಾನೂ ಕೇಳಬಹುದು. ಪರಿಶೀಲನೆ ಅಂತಾರೆ. ಆ ವರ್ಷದ ತೋಟದ ಗಂಟುಗಳನ್ನ ತೋರಿಸಿ ಅಂತ ಅರ್ಜಿ ಹಾಕೋಣ. ಅವರೇ ಬೀಗ ತೆಗೀಲಿ, ಅವರೇ ಬಿಚ್ಚಲಿ. ಅಮ್ಮ, ನಿನ್ನ ಹೆಸರಲ್ಲಾ?"

"ನನ್ನ ಹೆಸರಲ್ಲಿ ಬರಿ," ಎಂದಳು ರೆಕಾರ್ಡಮ್ಮ. "ಬಟ್ಟೆ ನಂದು."

ಗುಂಡಗೆ, ಒಂದೊಂದೇ ಅಕ್ಷರ ಕೂರಿಸಿ, ಆಕೆ ಸಹಿ ಹಾಕಿದಳು. ಅರವತ್ತು ದಿನದಲ್ಲಿ ಮೂವತ್ತೇಳು ಕಳೆದಿದ್ದವು. ಪರಿಶೀಲನೆಗೆ ಸಿಕ್ಕಿದ್ದು ಐವತ್ತಮೂರನೇ ದಿನ, ಬೆಳಿಗ್ಗೆ ಹನ್ನೊಂದು ಗಂಟೆ.

ಆ ದಿನ ಮಗ ರಜ ಹಾಕಿ ಮನೆಯಲ್ಲೇ ಉಳಿದ. "ನಾನು ಆ ಕಟ್ಟಡದ ಹತ್ತಿರಾನೂ ಇರಲ್ಲ," ಎಂದು ಅನ್ನಕ್ಕೆ ತಾನೇ ನೀರಿಟ್ಟ. ಅತ್ತೆ ಸೊಸೆ ಇಬ್ಬರೇ ಹೋದರು. ಪುರಸಭೆಯ ಉದ್ದನೆಯ ಮೊಗಸಾಲೆ ದಾಟಿ, ತೆರಿಗೆ ಕಟ್ಟುವ ಸಾಲು ದಾಟಿ, ಹಿಂದಿನ ಕಬ್ಬಿಣದ ಬಾಗಿಲ ಮುಂದೆ ನಿಂತಾಗ ರೆಕಾರ್ಡಮ್ಮನಿಗೆ ಹಳೆಯ ಕಾಗದದ ವಾಸನೆ ಬಂತು. ಯಜಮಾನರ ಅಂಗಿಯಿಂದ ಮೂವತ್ತನಾಲ್ಕು ವರ್ಷ ಬರುತ್ತಿದ್ದ ವಾಸನೆ. ಎಷ್ಟು ಸೋಪು ಹಾಕಿ ಒಗೆದರೂ ಹೋಗದಿದ್ದದ್ದು. ಆಕೆ ಗೋಡೆಗೆ ಕೈಯೂರಿ ಅರೆಗಳಿಗೆ ನಿಂತಳು.

"ಏನಾಯ್ತತ್ತೆ?"

"ಏನಿಲ್ಲ. ನಡಿ."

ಮಾಹಿತಿ ಅಧಿಕಾರಿ ಮೇಡಂ ಕನ್ನಡಕವನ್ನು ಸರಪಳಿಗೆ ಕಟ್ಟಿಕೊಂಡಿದ್ದ, ನಗುವನ್ನು ಬೀರುವಿನಲ್ಲಿಟ್ಟು ಬಂದಂತಿದ್ದ ಹೆಂಗಸು. ರೂಮಿನ ಈಗಿನ ಮನುಷ್ಯ ಸೊಂಟದಲ್ಲಿ ಬೀಗದ ಕೈ ಗೊಂಚಲು ಆಡಿಸುತ್ತಾ ಬಂದ.

"ಅಜ್ಜಿ, ಇಲ್ಲಿ ನಾಲ್ಕು ಸಾವಿರ ಗಂಟಿದೆ. ಹುಡುಕೋಕೆ ನಿಮ್ಮ ಆಯಸ್ಸು ಸಾಲಲ್ಲ."

"ನಾಲ್ಕು ಸಾವಿರದಲ್ಲಿ ಮೂರು ಸಾವಿರ ನಾನೇ ಹೊಲಿದದ್ದಪ್ಪ. ನೀನು ಹಸಿರಿನ ಕಡೆ ಕರ್ಕೊಂಡು ಹೋಗು."

ಹಸಿರು ಗಂಟುಗಳು ಕಿಟಕಿಯ ಪಕ್ಕದ ಕಪಾಟಿನಲ್ಲಿದ್ದವು. ಬಿಸಿಲಿಗೆ ಮುಂಭಾಗವೆಲ್ಲ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪಟ್ಟೆ ಯಾವುದು, ಬರೀ ಹಸಿರು ಯಾವುದು, ಎಲ್ಲ ಒಂದೇ. ರೆಕಾರ್ಡಮ್ಮ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾನು ಮುಟ್ಟಲ್ಲ ಮೇಡಂ. ಆಮೇಲೆ ಮಾತು ಬರಬಾರದು. ನಾನು ಹೇಳ್ತೀನಿ, ಇವರು ತೆಗೀಲಿ. ಕೆಳಗಿನ ಸಾಲು. ಒಂದೊಂದೇ ಗಂಟಿನ ಮೂಲೆ ತಿರುಗಿಸಪ್ಪ, ನಾಡ ಕಾಣಲಿ."

ಬೀಗದ ಕೈಯವನು ಮಂಡಿಯೂರಿದ. ಒಂದು, ಎರಡು, ಹತ್ತು. ಧೂಳಿಗೆ ಸೀನಿದ.

"ಏನು ನೋಡ್ತಿದ್ದೀರಿ?" ಮೇಡಂ ಕೇಳಿದರು.

"ನಾಡ ಹಾಕೋ ಮೂಲೆ. ಕಚೇರಿ ಬಟ್ಟೆ ಗಟ್ಟಿ, ಒಂದು ಹೊಲಿಗೆ ಸಾಕು. ಪರದೆ ಬಟ್ಟೆ ತೆಳು, ಒಳಗೊಂದು ತುಂಡು ಕೊಟ್ಟು ಚೌಕ ಹೊಲಿಗೆ ಹಾಕಿದ್ದೆ. ಅದೊಂದಕ್ಕೇ."

ಹದಿನೇಳನೆಯ ಗಂಟಿನ ಮೂಲೆಯಲ್ಲಿ ಚೌಕ ಹೊಲಿಗೆಯಿತ್ತು.

ಬೀಗದ ಕೈಯವನು ಅದನ್ನು ಎಳೆದು ಮೇಜಿನ ಮೇಲಿಟ್ಟ. ಗೋಡೆಯ ಕಡೆ ಇದ್ದ ಮಗ್ಗುಲಿಗೆ ಬಿಸಿಲು ತಾಗಿರಲಿಲ್ಲ. ಅಲ್ಲಿ ಹಸಿರೂ ಬಿಳಿ ಪಟ್ಟೆಯೂ ನಿನ್ನೆ ಇಳಿಸಿದ ಪರದೆಯಂತಿತ್ತು. ಸೊಸೆ ಚೀಲದಿಂದ ಯಂತ್ರದ ಹರಿದ ಹೊದಿಕೆ ತೆಗೆದು ಪಕ್ಕಕ್ಕಿಟ್ಟಳು. ಪಟ್ಟೆಗೆ ಪಟ್ಟೆ ಕೂಡಿತು. ಮೇಡಂ ಕನ್ನಡಕ ಏರಿಸಿದರು.

"ಬಿಚ್ಚಿ."

ಒಳಗೆ ಆ ವರ್ಷದ ರಸ್ತೆ ಅಳತೆ ಪುಸ್ತಕ. ಮೇಡಂ ತಾವೇ ಪುಟ ತಿರುವಿ ಓದಿದರು. ಬೀದಿಯ ಅಗಲ, ಉದ್ದಕ್ಕೂ, ಇಪ್ಪತ್ತಾರು ಅಡಿ. ಹನ್ನೊಂದು ಮನೆಗಳ ಗೋಡೆಗಳೂ ಗೆರೆಯ ಮೇಲೇ ಇವೆ. ಎಂಜಿನಿಯರರ ಸಹಿ, ಅಧ್ಯಕ್ಷರ ಸಹಿ, ಮೊಹರು.

ಸೊಸೆ ಅತ್ತೆಯ ತೋಳು ಹಿಡಿದಳು. "ಅತ್ತೆ, ಉಳೀತು."

"ಇರಿ," ಎಂದರು ಮೇಡಂ. "ಮುಂದಿನ ಪುಟದಲ್ಲಿ ಒಂದು ಷರಾ ಇದೆ." ಓದಿದರು: "ಹನ್ನೊಂದನೇ ಮನೆಯ ಗೋಡೆ ಸರಿಯಿದೆ. ಅದರ ಕಲ್ಲುಮೆಟ್ಟಿಲು ಮಾತ್ರ ರಸ್ತೆಯೊಳಗೆ ಒಂದು ಅಡಿ ಎರಡು ಅಂಗುಲ ಬಂದಿದೆ. ಕಚೇರಿ ಕೇಳಿದಾಗ ತೆಗೆಯತಕ್ಕದ್ದು. ಆಳು ಸಾಲದ ಕಾರಣ ಟೇಪು ಹಿಡಿದವನು ನಾನು. ಈ ಮನೆಯೂ ನನ್ನದೇ. ಆದ್ದರಿಂದ ಎಂಜಿನಿಯರು ಮತ್ತೊಮ್ಮೆ ಅಳೆಯಬೇಕೆಂದು ಕೇಳಿಕೊಂಡೆ. ಅಳೆದರು. ಅಷ್ಟೇ ಬಂತು."

ಕೆಳಗೆ ರೆಕಾರ್ಡಪ್ಪನ ಸಹಿ.

ಬೀಗದ ಕೈಯವನಿಗೆ ಮನಸ್ಸು ಕರಗಿರಬೇಕು, ಬಗ್ಗಿ ಪಿಸುಗುಟ್ಟಿದ: "ಅಜ್ಜಿ, ಮೊದಲ ಪುಟದ ಪ್ರತಿ ಸಾಕು ಅನ್ನಿ. ಕೇಳಿದ ಪುಟ ಮಾತ್ರ ಕೊಡೋದು ನಿಯಮ. ಮೆಟ್ಟಿಲ ವಿಷಯ ಯಾರು ತೆಗೀತಾರೆ?"

ಸೊಸೆಯೂ ಅತ್ತೆಯ ಸೆರಗನ್ನು ಮೆಲ್ಲಗೆ ಎಳೆದಳು. ಆ ಮೆಟ್ಟಿಲು ಅತ್ತೆಗೆ ಏನೆಂಬುದು ಅವಳಿಗೆ ಗೊತ್ತಿತ್ತು.

ಮೆಟ್ಟಿಲು ನಮ್ಮದಲ್ಲ, ದಾರೀದು. ರೆಕಾರ್ಡಮ್ಮನ ಕಿವಿಯಲ್ಲಿ ಆ ಮಾತು ಅವರ ದನಿಯಲ್ಲೇ ಕೇಳಿತು. ದೊಡ್ಡ ಮನಸ್ಸು ಎಂದುಕೊಂಡಿದ್ದಳು ಈಕೆ. ಅವರು ಲೆಕ್ಕ ಹೇಳುತ್ತಿದ್ದರು. ಒಂದು ಅಡಿ ಎರಡು ಅಂಗುಲದ ಲೆಕ್ಕ. ಅದಕ್ಕೇ ತರಕಾರಿಯವಳನ್ನು ಏಳು ಎಂದವರಲ್ಲ, ಅಂಚೆಯವನನ್ನು ಏಳು ಎಂದವರಲ್ಲ. ದಾರಿಯ ಜಾಗದಲ್ಲಿ ದಾರಿಹೋಕರು ಕೂತರೆ ಏಳಿಸಲು ತಾನಾರು ಎಂದು ಇಪ್ಪತ್ತೊಂಬತ್ತು ವರ್ಷ ತಾವೇ ಪಕ್ಕಕ್ಕೆ ಸರಿದು ಕೂತರು.

"ಎಲ್ಲ ಪುಟಾನೂ ಕೊಡಿ ಮೇಡಂ," ಎಂದಳು. "ಅವರು ಬರೆದದ್ದನ್ನ ಅರ್ಧ ತಗೊಂಡು ಹೋಗಲ್ಲ ನಾನು."

ಮೇಡಂ ಪುಸ್ತಕ ಮುಚ್ಚಿದರು. ಬೀರುವಿನಲ್ಲಿಟ್ಟ ನಗು ಸ್ವಲ್ಪ ಹೊರಗೆ ಬಂತು. "ನೀವು ಮೊದಲ ಪುಟ ಮಾತ್ರ ಕೇಳಿದ್ದಿದ್ರೆ ನಾನು ನಂಬ್ತಿದ್ನೋ ಇಲ್ವೋ ಅಜ್ಜಿ. ಮನೇಲಿ ಬರೆದು ತಂದಿಟ್ಟಿದ್ದು ಅಂತ ಯಾರಾದ್ರೂ ಅಂದ್ರೆ ಈಗ ಎರಡನೇ ಪುಟ ತೋರಿಸ್ತೀನಿ. ಸುಳ್ಳು ಬರೆಯೋನು ತನ್ನ ಮೆಟ್ಟಿಲ ತಪ್ಪನ್ನ ಬರ್ಕೊಳ್ಳಲ್ಲ."

ಪ್ರತಿಗೆ ಮೊಹರು ಬಿತ್ತು. ಐವತ್ತೊಂಬತ್ತನೇ ದಿನ ಹನ್ನೊಂದು ಮನೆಗೂ ನೋಟೀಸು ಹಿಂತೆಗೆದುಕೊಂಡ ಕಾಗದ ಬಂತು. ಹೊಸ ನಕ್ಷೆ ಬರೆದವರು ಇಡೀ ವಾರ್ಡಿಗೆ ಮೂವತ್ತಡಿ ಎಂದು ಒಂದೇ ಅಳತೆ ಹಾಕಿದ್ದರಂತೆ. ಇಟ್ಟಿಗೆಯ ಬೆಲೆ ಕೇಳುತ್ತಿದ್ದ ಬೀಡಾ ಅಂಗಡಿಯವನು ಈಗ ಗೋಡೆಗೆ ಬಣ್ಣದ ಬೆಲೆ ಕೇಳತೊಡಗಿದ. ಅಂದು ಮಧ್ಯಾಹ್ನ ಮೂರನೇ ಮೇಜಿನ ಡಬ್ಬಿಯಲ್ಲಿ ಅನ್ನ, ಪಲ್ಯ, ಬೇಯಿಸಿದ ಮೊಟ್ಟೆ ಎರಡು, ಮೇಲೊಂದು ಚೀಟಿ: ಲಭ್ಯವಿದೆ.

ಸಂಜೆ ರೆಕಾರ್ಡಮ್ಮ ಗಾರೆಯವನನ್ನು ಕರೆಸಿದಳು.

"ಅಮ್ಮ, ಮೆಟ್ಟಿಲು ತೆಗೀರಿ ಅಂತ ಯಾರೂ ಕೇಳಿಲ್ಲ," ಎಂದ ಮಗ. "ಅಪ್ಪನೇ ಇಷ್ಟು ವರ್ಷ ತೆಗೆಸಲಿಲ್ಲ."

"ಕಚೇರಿ ಕೇಳಿದಾಗ ಅಂತ ಬರೆದಿದೆ. ಕಚೇರಿಗೆ ಕೇಳೋಕೆ ಕಾಗದ ಸಿಕ್ಕಿರಲಿಲ್ಲ, ನನ್ನ ಪರದೆ ಒಳಗೆ ಕೂತಿತ್ತು. ಈಗ ಸಿಕ್ಕಿದೆ. ಅವರು ಕೇಳೋವರೆಗೂ ಕಾಯೋದು ನಿಮ್ಮಪ್ಪನ ಮನೇಗೆ ಒಪ್ಪಲ್ಲ."

"ನೀನು ದಿನಾ ತೊಳೀತಿದ್ದೆಯಲ್ಲಮ್ಮ..."

"ಅವರು ಕಲ್ಲಲ್ಲಿಲ್ಲ ಕಣೋ. ಆ ಎರಡನೇ ಪುಟದಲ್ಲಿದ್ದಾರೆ. ನಾನು ನೋಡಿ ಬಂದೆ."

ಗಾರೆಯವನು ಕಲ್ಲು ಎಬ್ಬಿಸುವಾಗ ಆಕೆ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ತುಂಬಿತು; ಸೆರಗಿನಲ್ಲಿ ಒರೆಸಿಕೊಂಡು, "ಧೂಳು ನೋಡಿಕೊಂಡು ಒಡಿಯಪ್ಪ, ಒಳಗೆ ಮಕ್ಕಳ ಬಟ್ಟೆ ಇದೆ," ಎಂದಳು. ಗೋಡೆಯ ಗೆರೆಗೆ ಸರಿಯಾಗಿ ನೆಲ ಸಮ ಮಾಡಿಸಿ, ಹತ್ತಲು ಹೊಸ್ತಿಲೊಳಗೇ ಒಂದು ಪುಟ್ಟ ಮೆಟ್ಟಿಲು ಕಟ್ಟಿಸಿದಳು.

ಮರುದಿನ ಬೆಳಿಗ್ಗೆ ತರಕಾರಿಯವಳು ಬಂದಳು. ಬುಟ್ಟಿ ತಲೆಯ ಮೇಲೆ, ಕಣ್ಣು ನೆಲದ ಮೇಲೆ.

"ಅಯ್ಯೋ, ಕೂರೋದಕ್ಕೆ ಬಿಡದೆ ಇದ್ದದ್ದು ಸಾಲದು ಅಂತ ಕಲ್ಲನ್ನೇ ಕಿತ್ತುಬಿಟ್ರಾ ಅಮ್ಮಾ?"

"ಅದು ದಾರೀದು. ದಾರಿಗೆ ಕೊಟ್ಟೆ," ಎಂದು ರೆಕಾರ್ಡಮ್ಮ ಅವಳ ಬುಟ್ಟಿಗೆ ಕೈಕೊಟ್ಟು ಇಳಿಸಿದಳು. ಮುಂಗೋಣೆಯಲ್ಲಿ ಸೊಸೆ ಸಮವಸ್ತ್ರದ ರಾಶಿ ಪಕ್ಕಕ್ಕೆ ಸರಿಸಿ ಕುರ್ಚಿ ಎಳೆದಳು.

"ಒಳಗೆ ಬಾರೆ," ಎಂದಳು ರೆಕಾರ್ಡಮ್ಮ. "ಇಲ್ಲಿ ಕೂತ್ಕೋ, ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋ. ಇದು ನಮ್ಮದೇ. ಕಾಗದ ಇದೆ."